ಜನರನ್ನು ತಿದ್ದುವ ಮೊದಲು ಕೌಂಟರನ್ನು ನೋಡಿ

ಜಿಲ್ಲಾ ಮಟ್ಟದ ಆರೋಗ್ಯ ಮತ್ತು ನೈರ್ಮಲ್ಯ ಕಾರ್ಯಕ್ರಮಗಳಲ್ಲಿ ನನ್ನದು ಐಇಸಿ (ಮಾಹಿತಿ, ಶಿಕ್ಷಣ, ಸಂವಹನ) ವಿಭಾಗದ ಕೆಲಸ. ಕರಪತ್ರ, ಗೋಡೆಬರಹ, ಬೀದಿನಾಟಕ, ಜಾಥಾ, ತರಬೇತಿ ಎಲ್ಲವೂ ಅದರಲ್ಲಿ ಸೇರಿವೆ. ನಾನು ಈ ಕಸುಬಿಗೆ ಬಂದಾಗ ಇಲ್ಲಿನ ನಂಬಿಕೆ ಸರಳವಾಗಿತ್ತು: ಜನರಿಗೆ ಗೊತ್ತಿಲ್ಲ, ಗೊತ್ತುಮಾಡಿಸಿದರೆ ಬದಲಾಗುತ್ತಾರೆ. ಆಮೇಲೆ ನಡವಳಿಕೆ ವಿಜ್ಞಾನದ ಗಾಳಿ ಬೀಸಿತು. ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ ಬರೆದ ‘ನಡ್ಜ್’ (ಬಲವಂತವಿಲ್ಲದೆ, ಮೆಲ್ಲಗೆ ತಟ್ಟಿ ಆಯ್ಕೆಯನ್ನು ತಿರುಗಿಸುವುದು) ಪುಸ್ತಕ 2008ರಲ್ಲಿ ಬಂತು. 2010ರಲ್ಲಿ ಬ್ರಿಟನ್ ಸರ್ಕಾರ ತನ್ನ ಕ್ಯಾಬಿನೆಟ್ ಕಚೇರಿಯಲ್ಲೇ ಇದಕ್ಕೊಂದು ತಂಡ ಕಟ್ಟಿತು. 2017ರಲ್ಲಿ ಥೇಲರ್‌ಗೆ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ನಮ್ಮ ಕೇಂದ್ರ ಸರ್ಕಾರದ 2018-19ರ ಆರ್ಥಿಕ ಸಮೀಕ್ಷೆ ಒಂದಿಡೀ ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟಿತು. ಈಗ ತಾಲ್ಲೂಕು ಮಟ್ಟದ ತರಬೇತಿಯಲ್ಲೂ ‘ನಡ್ಜ್’ ಮಾತು ಕಿವಿಗೆ ಬೀಳುತ್ತದೆ.

ಹೊಸದಾಗಿ ಕೆಲಸಕ್ಕೆ ಸೇರುವ ಪಿಡಿಒಗಳು, ಆಶಾ ಮೆಂಟರ್‌ಗಳು, ಪ್ರೊಬೇಷನರಿ ಅಧಿಕಾರಿಗಳು ಇದರಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ ಎಂದು ಕೇಳುತ್ತಾರೆ. ಆಗುತ್ತದೆ. ಆದರೆ ಮನಶ್ಶಾಸ್ತ್ರವನ್ನು ಜನರ ಕಡೆಗಷ್ಟೇ ತಿರುಗಿಸಿದರೆ ಸಿಗುವ ಫಲ ಕಡಿಮೆ. ಸರ್ಕಾರ ತನ್ನ ಕಿಟಕಿ, ಅರ್ಜಿ ನಮೂನೆ, ದಿನಾಂಕ, ಮಾತಿನ ದನಿಗಳನ್ನು ಅದೇ ಬೆಳಕಿನಲ್ಲಿ ನೋಡಿಕೊಂಡಾಗ ಕೆಲಸ ಆಗುವುದನ್ನು ಕಂಡಿದ್ದೇನೆ. ಅವರಿಗೆ ಹೇಳುವ ಮಾತುಗಳನ್ನೇ ಇಲ್ಲಿ ಬರೆದಿದ್ದೇನೆ.

1. ‘ಅರಿವಿನ ಕೊರತೆ’ ಎಂದು ಷರಾ ಬರೆಯುವ ಮುನ್ನ ಮನೆಯವರನ್ನು ಕೇಳಿ

ಲಸಿಕೆ ಪ್ರಮಾಣ ಇಳಿದ ಊರಿನ ವರದಿ ತೆರೆದರೆ ‘ಜನರಲ್ಲಿ ಅರಿವಿನ ಕೊರತೆ’ ಎಂಬ ಸಾಲು ಇದ್ದೇ ಇರುತ್ತದೆ. ಬರೆಯಲು ಸುಲಭ, ಯಾರ ಮೇಲೂ ಹೊಣೆ ಬೀಳುವುದಿಲ್ಲ. ಆದರೆ ಆ ಸಾಲು ಬರೆದ ಮೇಲೆ ಮುಂದಿನ ಹೆಜ್ಜೆ ಇನ್ನೊಂದು ಜಾಥಾ ಮಾತ್ರ.

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ‘ಸೇವಾ ಮಂದಿರ’ ಸಂಸ್ಥೆಯ ಜೊತೆ ನಡೆಸಿದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಹೊಸದೇನೂ ಮಾಡದೆ ಬಿಟ್ಟ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಹಾಕಿಸಿಕೊಂಡ ಮಕ್ಕಳು ಶೇ 6. ತಿಂಗಳಿಗೊಮ್ಮೆ ತಪ್ಪದೆ ಶಿಬಿರ ನಡೆದ ಹಳ್ಳಿಗಳಲ್ಲಿ ಶೇ 18. ಶಿಬಿರದ ಜೊತೆಗೆ ಪ್ರತಿ ಸಲ ಒಂದು ಕೆ.ಜಿ. ಬೇಳೆ, ಎಲ್ಲ ಲಸಿಕೆ ಮುಗಿದಾಗ ಒಂದು ಸೆಟ್ ಊಟದ ತಟ್ಟೆ ಕೊಟ್ಟ ಕಡೆ ಶೇ 39. ಬೇಳೆ ಕೊಟ್ಟಿದ್ದರಿಂದ ಖರ್ಚು ಹೆಚ್ಚಿತು ಎಂದುಕೊಳ್ಳಬೇಡಿ. ಮಕ್ಕಳು ಬರಲಿ ಬಿಡಲಿ ನರ್ಸ್ ಸಂಬಳ ಅಷ್ಟೇ ಇರುತ್ತದಲ್ಲ. ಹೆಚ್ಚು ಮಕ್ಕಳು ಬಂದ ಕಾರಣ ಒಂದೊಂದು ಮಗುವಿಗೆ ತಗಲಿದ ವೆಚ್ಚ ಬರೀ ಶಿಬಿರಕ್ಕಿಂತ ಕಡಿಮೆಯೇ ಆಯಿತು.

ಈ ಅಂಕಿಗಳನ್ನು ತೋರಿಸಿದಾಗ ಎಲ್ಲರ ಕಣ್ಣೂ ಬೇಳೆಯ ಮೇಲೆ ಹೋಗುತ್ತದೆ. ನಾನು ಮೊದಲು ನೋಡುವುದು 6 ಮತ್ತು 18ರ ನಡುವಿನ ಅಂತರವನ್ನು. ಅಲ್ಲಿ ಯಾರಿಗೂ ಏನನ್ನೂ ಉಡುಗೊರೆ ಕೊಡಲಿಲ್ಲ. ಹೇಳಿದ ದಿನ ಹೇಳಿದ ಜಾಗಕ್ಕೆ ನರ್ಸ್ ಬಂದರು, ಅಷ್ಟೇ. ಅಷ್ಟಕ್ಕೇ ಮೂರು ಪಟ್ಟು ಮಕ್ಕಳು ಬಂದರು.

ನಮ್ಮಲ್ಲಿ ಗುರುವಾರ ಲಸಿಕೆ ದಿನ. ಒಂದೂರಿನಲ್ಲಿ ಮೊದಲ ಪೆಂಟಾವೇಲೆಂಟ್ ಹಾಕಿಸಿದ ತಾಯಂದಿರು ಎರಡನೆಯದಕ್ಕೆ ಬರುತ್ತಿರಲಿಲ್ಲ. ಲಸಿಕೆಯ ಮೇಲೆ ಅವರಿಗೆ ಯಾವ ಅಪನಂಬಿಕೆಯೂ ಇರಲಿಲ್ಲ. ರಾತ್ರಿ ಮಗುವಿಗೆ ಜ್ವರ ಬರುತ್ತದೆ, ಮನೆಯವರು ನಿದ್ದೆಗೆಡುತ್ತಾರೆ, ಬೆಳಗಾದರೆ ಕೂಲಿ ತಪ್ಪುತ್ತದೆ, ಅತ್ತೆ ‘ಚೆನ್ನಾಗಿದ್ದ ಕೂಸಿಗೆ ಸೂಜಿ ಚುಚ್ಚಿಸಿಕೊಂಡು ಬಂದೆ’ ಎನ್ನುತ್ತಾಳೆ. ಅಲ್ಲಿನ ಆಶಾ ಕಾರ್ಯಕರ್ತೆ ಮಾಡಿದ್ದಿಷ್ಟು: ಸೂಜಿ ಹಾಕುವ ಮುಂಚೆಯೇ, ಅತ್ತೆಯ ಎದುರಿಗೇ, ‘ರಾತ್ರಿ ಮೈ ಬಿಸಿಯಾಗ್ತದೆ, ಲಸಿಕೆ ಕೆಲಸ ಮಾಡ್ತಿದೆ ಅಂತ ಅರ್ಥ, ಈ ಔಷಧಿ ಇಷ್ಟು ಹನಿ ಕೊಡಿ, ನಾಳೆ ಬೆಳಗ್ಗೆ ನಾನೇ ಬಂದು ನೋಡ್ತೀನಿ’ ಎಂದಳು. ಹೇಳಿದಂತೆ ಹೋದಳು ಕೂಡ. ಮುಂದಿನ ಗುರುವಾರಗಳಲ್ಲಿ ಆ ತಾಯಂದಿರು ಬಂದರು. ಯಾವ ಕರಪತ್ರದಲ್ಲೂ ಈ ಮಾತು ಇರಲಿಲ್ಲ. ನಮ್ಮ ಕರಪತ್ರಗಳೆಲ್ಲ ಪೋಲಿಯೊ, ದಡಾರ, ಗಂಟಲಮಾರಿಯ ಬಗ್ಗೆ ಹೇಳುತ್ತಿದ್ದವು. ಆ ತಾಯಿಗೆ ಬೇಕಾಗಿದ್ದದ್ದು ಆ ಒಂದು ರಾತ್ರಿಯ ಬಗ್ಗೆ ಮಾಹಿತಿ.

2. ಒಂದು ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲಿ

ತರಬೇತಿಗೆ ಬಂದವರಿಗೆ ಮೊದಲ ದಿನ ನಾನು ಕೊಡುವ ಕೆಲಸ ಇದು. ಯಾರಾದರೂ ಒಬ್ಬ ಅರ್ಜಿದಾರರ ಜೊತೆ ಹೋಗಿ, ಗುರುತು ಹೇಳಿಕೊಳ್ಳದೆ, ಕೌಂಟರ್ ತೆರೆದಾಗಿನಿಂದ ಊಟದ ವಿರಾಮದ ತನಕ ಅವರೊಂದಿಗೇ ಇರಬೇಕು.

ವಿಧವಾ ವೇತನದ ಅರ್ಜಿಯನ್ನೇ ತೆಗೆದುಕೊಳ್ಳಿ. ಗಂಡನ ಮರಣ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಬೇಕು. ಆಧಾರಿನಲ್ಲಿ ಹೆಸರಿನ ಮುಂದೆ ಗಂಡನ ಹೆಸರು, ಪಾಸ್‌ಬುಕ್ಕಿನಲ್ಲಿ ತಂದೆಯ ಇನಿಷಿಯಲ್. ‘ಹೆಸರು ತಾಳೆ ಆಗ್ತಿಲ್ಲ, ಸರಿ ಮಾಡಿಸ್ಕೊಂಡು ಬನ್ನಿ’ ಎನ್ನುತ್ತಾರೆ. ತಿದ್ದುಪಡಿಗೆ ಹೋದರೆ ಬೆರಳಚ್ಚು ಹತ್ತುವುದಿಲ್ಲ, ಕಳೆ ಕಿತ್ತು, ಪಾತ್ರೆ ಉಜ್ಜಿ ರೇಖೆ ಸವೆದಿರುತ್ತದೆ. ಹತ್ತಿದ ದಿನ ಸರ್ವರ್ ಇರುವುದಿಲ್ಲ. ಪ್ರತಿ ಸಲವೂ ಅರ್ಧ ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬಂದ ಮಗನ ಕೂಲಿ ಹೋಗುತ್ತವೆ. ಇದರ ಮೇಲೆ ಅಷ್ಟು ಜನರೆದುರು ‘ಗಂಡ ಯಾವಾಗ ಸತ್ತದ್ದು?’ ಎಂದು ಕಿಟಕಿಯೊಳಗಿನಿಂದ ಗಟ್ಟಿ ದನಿಯಲ್ಲಿ ಕೇಳುತ್ತಾರೆ. ಅಮೆರಿಕದ ಪಮೇಲಾ ಹರ್ಡ್ ಮತ್ತು ಡೊನಾಲ್ಡ್ ಮೊಯ್ನಿಹನ್ 2018ರ ತಮ್ಮ ಪುಸ್ತಕದಲ್ಲಿ ಆಡಳಿತ ಜನರ ಮೇಲೆ ಹೇರುವ ಹೊರೆಯನ್ನು ಮೂರಾಗಿ ಬಿಡಿಸಿದ್ದಾರೆ: ಯೋಜನೆ ಏನೆಂದು ತಿಳಿಯುವ ಹೊರೆ, ಕಾಗದಪತ್ರ ಹೊಂದಿಸುವ ಹೊರೆ, ಮನಸ್ಸಿನ ಹೊರೆ. ಆ ಮೂರನೆಯದು ನಮ್ಮ ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ಆ ಹೆಂಗಸು ಮುಂದಿನ ಸಲ ಬಾರದೇ ಹೋದಾಗ ‘ಫಲಾನುಭವಿಗೆ ಆಸಕ್ತಿ ಇಲ್ಲ’ ಎಂದು ಬರೆದುಬಿಡುತ್ತೇವೆ.

ಇಲ್ಲಿ ಸಣ್ಣ ಬದಲಾವಣೆಗಳು ದೊಡ್ಡ ಕೆಲಸ ಮಾಡುತ್ತವೆ. ಬೇಕಾದ ದಾಖಲೆಗಳ ಪಟ್ಟಿಯನ್ನು ಕಿಟಕಿಯ ಪಕ್ಕ ಅಂಟಿಸಿದರೆ ಸಾಲದು, ಹಳ್ಳಿಯಲ್ಲೇ ಸಾವಿನ ಮನೆಗೆ ಹೋಗುವ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲಿ ಅದು ಇರಬೇಕು. ಮರಣ ನೋಂದಣಿಯ ಹೊತ್ತಿನಲ್ಲೇ ವೇತನದ ಅರ್ಜಿಯನ್ನೂ ತುಂಬಿಸಿಕೊಳ್ಳಬಹುದು. ನಮ್ಮ ರಾಜ್ಯದಲ್ಲಿ 2011ರ ಕಾಯ್ದೆಯಡಿ 2012ರಲ್ಲಿ ಶುರುವಾದ ‘ಸಕಾಲ’ದ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಅದು ಸೇವೆಗೆ ಗಡುವು ಕೊಟ್ಟಿತು, ಜೊತೆಗೆ ಅರ್ಜಿದಾರರ ಕೈಗೆ ಒಂದು ನಂಬರ್ ಕೊಟ್ಟಿತು. ನಂಬರ್ ಇರುವವರು ‘ದಯವಿಟ್ಟು ನೋಡಿ ಸಾರ್’ ಎನ್ನುವುದಿಲ್ಲ, ‘ನನ್ನದು ಎಲ್ಲಿಗೆ ಬಂತು?’ ಎಂದು ಕೇಳುತ್ತಾರೆ. ಕೌಂಟರಿನ ಎರಡೂ ಬದಿಯ ಮನಸ್ಸು ಅದರಿಂದ ಬದಲಾಗುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

3. ದಿನಾಂಕ ಗೊತ್ತುಮಾಡುವುದು ಅರ್ಧ ಕೆಲಸ

ಪಶ್ಚಿಮ ಕೀನ್ಯಾದ ರೈತರಿಗೆ ಗೊಬ್ಬರ ಹಾಕಿದರೆ ಲಾಭವೆಂದು ಗೊತ್ತಿತ್ತು, ಕೊಳ್ಳುವ ಮನಸ್ಸೂ ಇತ್ತು. ಬಿತ್ತನೆಯ ಹೊತ್ತಿಗೆ ದುಡ್ಡು ಇರುತ್ತಿರಲಿಲ್ಲ. ಡುಫ್ಲೊ, ಮೈಕೆಲ್ ಕ್ರೆಮರ್ ಮತ್ತು ಜೊನಾಥನ್ ರಾಬಿನ್ಸನ್ ಕೊಯ್ಲು ಮುಗಿದು ಕೈಯಲ್ಲಿ ಕಾಸು ಓಡಾಡುವಾಗಲೇ ಮನೆಬಾಗಿಲಿಗೆ ಹೋಗಿ, ‘ಈಗ ದುಡ್ಡು ಕೊಡಿ, ಗೊಬ್ಬರ ನಿಮ್ಮ ಮನೆಗೇ ಬರುತ್ತದೆ, ಸಾಗಣೆ ಖರ್ಚಿಲ್ಲ’ ಎಂಬ ಏರ್ಪಾಡು ಮಾಡಿದರು. ಆ ಸಣ್ಣ ಅನುಕೂಲ ಬಿತ್ತನೆ ಕಾಲದಲ್ಲಿ ಕೊಡುವ ದೊಡ್ಡ ರಿಯಾಯಿತಿಗೆ ಸರಿಸಾಟಿಯಾಯಿತು.

ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇನ್ನೂ ಹತ್ತಿರದ್ದು. ಕಟಾವಿಗೆ ಮುಂಚೆ, ಸಾಲದ ಚಿಂತೆಯಲ್ಲಿದ್ದಾಗ, ಗಮನ ಮತ್ತು ತರ್ಕದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ಅದೇ ರೈತರು ಕಟಾವಿನ ಹಣ ಬಂದ ಮೇಲೆ ಚೆನ್ನಾಗಿ ಮಾಡಿದರು. ಅದರ ಲೆಕ್ಕಾಚಾರದ ಮೇಲೆ ಆಕ್ಷೇಪಗಳೂ ಬಂದಿವೆ. ಅಷ್ಟಾದರೂ ಮಂಡ್ಯದ ಯಾವ ಕಬ್ಬಿನ ರೈತನನ್ನು ಕೇಳಿದರೂ, ಕಾರ್ಖಾನೆಯ ಬಾಕಿ ಬರುವ ಮೊದಲು ಯಾರಾದರೂ ವಿಮೆ, ಉಳಿತಾಯದ ಮಾತು ಎತ್ತಿದರೆ ತಲೆಗೆ ಹೋಗುವುದಿಲ್ಲ ಎನ್ನುತ್ತಾನೆ. ಜೂನ್‌ನಲ್ಲಿ ಶಾಲೆಯ ಖರ್ಚು, ಬೀಜ, ಗೊಬ್ಬರ ಎಲ್ಲ ಒಟ್ಟಿಗೆ ಬರುವ ಹೊತ್ತಿಗೇ ಅರ್ಜಿಯ ಕೊನೆಯ ದಿನಾಂಕ ಇಡುವುದನ್ನು ನಾವು ಬಿಡಬೇಕು.

4. ಗುಂಡಿ ತುಂಬಿದರೆ ಯಾರು ತೆಗೆಯುತ್ತಾರೆ?

ನನ್ನ ಕೆಲಸದಲ್ಲಿ ಅತಿ ಹೆಚ್ಚು ಕಲಿಸಿದ್ದು ಶೌಚಾಲಯ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾಗಿ ಐದು ವರ್ಷದಲ್ಲಿ ಗ್ರಾಮೀಣ ಭಾರತದಲ್ಲಿ 10 ಕೋಟಿಗೂ ಹೆಚ್ಚು ಶೌಚಾಲಯ ಕಟ್ಟಿದ ಲೆಕ್ಕ ಸರ್ಕಾರದ್ದು. ಅದು ಸಣ್ಣ ಸಾಧನೆಯಲ್ಲ. ಆದರೆ ಕಟ್ಟುವುದು ಒಂದು, ಬಳಸುವುದು ಇನ್ನೊಂದು. ಡಯೇನ್ ಕೋಫಿ ಮತ್ತು ಡೀನ್ ಸ್ಪಿಯರ್ಸ್ ಉತ್ತರ ಭಾರತದ ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಬಳಸಬಹುದಾದ ಶೌಚಾಲಯ ಇದ್ದ ಮನೆಗಳ ಪೈಕಿ ಶೇ 40ಕ್ಕೂ ಹೆಚ್ಚಿನವುಗಳಲ್ಲಿ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರು. ಬಡತನ, ನೀರಿನ ಅಭಾವ, ಅನಕ್ಷರತೆ ಎಂಬ ಉತ್ತರಗಳು ಸಾಲುವುದಿಲ್ಲ, ನಮಗಿಂತ ಬಡ ದೇಶಗಳಲ್ಲಿ ಜನ ಸಾದಾ ಗುಂಡಿ ಶೌಚಾಲಯವನ್ನು ಬಳಸುತ್ತಾರೆ ಎಂಬುದು ಅವರ ವಾದ. ಇಲ್ಲಿ ಅಡ್ಡ ಬಂದದ್ದು ಜಾತಿ, ಮತ್ತು ಜಾತಿ ಕಲಿಸಿದ ಮಡಿ-ಮೈಲಿಗೆ.

ಇದು ಗಾರೆ ಕೆಲಸದಲ್ಲೇ ಕಾಣುತ್ತದೆ. ಸರ್ಕಾರ ಶಿಫಾರಸು ಮಾಡುವುದು ಅವಳಿ ಗುಂಡಿಯ ವಿನ್ಯಾಸ. ಗುಂಡಿಗಳು ಆಳವಿರುವುದಿಲ್ಲ. ಒಂದು ತುಂಬಲು ಕೆಲವು ವರ್ಷ ಬೇಕು. ತುಂಬಿದ ಮೇಲೆ ಇನ್ನೊಂದಕ್ಕೆ ಹರಿವು ತಿರುಗಿಸಿದರೆ ಮೊದಲನೆಯದು ಒಂದೆರಡು ವರ್ಷದಲ್ಲಿ ವಾಸನೆಯಿಲ್ಲದ, ಒಣಗಿದ ಗೊಬ್ಬರವಾಗುತ್ತದೆ. ನಾವು ಹಳ್ಳಿಗೆ ಹೋಗಿ ಇದನ್ನು ಚಿತ್ರ ಬರೆದು ವಿವರಿಸುತ್ತೇವೆ, ಜನ ತಲೆದೂಗುತ್ತಾರೆ. ಮರುದಿನ ಮನೆಯ ಯಜಮಾನ ಮೇಸ್ತ್ರಿಗೆ ‘ಒಂದೇ ಗುಂಡಿ ಸಾಕು, ಆಳ ಮಾಡು’ ಎನ್ನುತ್ತಾನೆ. ‘ಎಷ್ಟು?’ ಎಂದರೆ ‘ನಮ್ಮ ಕಾಲಕ್ಕೆ ತುಂಬಬಾರದು, ಅಷ್ಟು.’ ಬಾವಿ ತೋಡಿದಷ್ಟು ಆಳ ತೋಡಿ ಸಿಮೆಂಟ್ ರಿಂಗ್ ಇಳಿಸಿದ್ದನ್ನು ನೋಡಿದ್ದೇನೆ. ಅದಕ್ಕೆ ಸಹಾಯಧನ ಸಾಲದೆ ಸಾಲ ಮಾಡುತ್ತಾರೆ. ಸಾಲ ಮಾಡಿ ಕಟ್ಟಿದ್ದು ಬೇಗ ತುಂಬಬಾರದೆಂದು ಮನೆಯ ಗಂಡಸರು ಹೊಲಕ್ಕೆ ಹೋಗುತ್ತಾರೆ, ವಯಸ್ಸಾದವರು, ಸೊಸೆಯಂದಿರು ಬಳಸುತ್ತಾರೆ. ಗುಂಡಿಯ ಆಳವೇ ಹೇಳುತ್ತದೆ: ತುಂಬಿದ ಗುಂಡಿಯನ್ನು ತಾವು ಮುಟ್ಟುವುದಿಲ್ಲ, ಮುಟ್ಟುವವರು ‘ಬೇರೆಯವರು’ ಎಂದು. ಆ ಬೇರೆಯವರು ಈಗ ಬರಲು ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ತಲೆಮಾರುಗಳ ಅವಮಾನದಿಂದ ಹೊರಬರುತ್ತಿರುವ ಸಮುದಾಯ ಅದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 2013ರಲ್ಲಿ ಮತ್ತಷ್ಟು ಬಿಗಿಯಾಗಿದೆ.

ಇಂಥ ಕಡೆ ನಮ್ಮ ಗೋಡೆಬರಹ ಏನು ಹೇಳುತ್ತಿತ್ತು? ‘ಮನೆಯ ಹೆಣ್ಣಿನ ಮಾನ ಕಾಪಾಡಿ, ಶೌಚಾಲಯ ಕಟ್ಟಿಸಿ.’ ಕಟ್ಟಿಸುವುದಕ್ಕೆ ಈ ಮಾತು ನೆರವಾಯಿತು. ಆದರೆ ಶೌಚಾಲಯ ಹೆಂಗಸರಿಗೆ, ಬಯಲು ಗಂಡಸರಿಗೆ ಎಂಬ ಹಳೆಯ ಹಂಚಿಕೆಯನ್ನು ಅದೇ ಮಾತು ಗಟ್ಟಿ ಮಾಡಿತು. ಇನ್ನು ಮುಂಜಾನೆ ಸೀಟಿ ಊದಿ, ಟಾರ್ಚ್ ಬಿಟ್ಟು, ಬಯಲಿಗೆ ಹೋದವರಿಗೆ ಹಾರ ಹಾಕಿ ನಾಚಿಸುವ ತಂಡಗಳು. ಅವು ಯಾರನ್ನು ಹಿಡಿಯುತ್ತಿದ್ದವು? ಮನೆ ಕಟ್ಟಲೇ ಜಾಗವಿಲ್ಲದ ಕೇರಿಯವರನ್ನು, ಕೂಲಿಗೆ ವಲಸೆ ಬಂದವರನ್ನು. ತೋಟವಿದ್ದವರು ತೋಟದೊಳಗೆ ಹೋಗುತ್ತಿದ್ದರು, ಅವರ ಹಿಂದೆ ಟಾರ್ಚ್ ಹೋಗುತ್ತಿರಲಿಲ್ಲ. ನಾಚಿಸುವುದನ್ನು ನಡವಳಿಕೆ ಬದಲಾವಣೆಯ ಉಪಕರಣವೆಂದು ಬರೆಯುವ ಕೈಪಿಡಿಗಳಿವೆ. ಅವನ್ನು ನಾನು ತರಬೇತಿಯಲ್ಲಿ ಕೊಡುವುದಿಲ್ಲ.

ಗುಂಡಿಯ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಒಂದು ಘಟನೆಯನ್ನು ಮಾತ್ರ ಯಾವಾಗಲೂ ಹೇಳುತ್ತೇನೆ. 2017ರ ಫೆಬ್ರುವರಿಯಲ್ಲಿ ಆಗಿನ ಕೇಂದ್ರ ನೈರ್ಮಲ್ಯ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಅವಳಿ ಗುಂಡಿಯೊಂದಕ್ಕೆ ಇಳಿದು, ಒಣಗಿದ ಗೊಬ್ಬರವನ್ನು ತಾವೇ ಎತ್ತಿ ಹಾಕಿದರು. ಆ ಫೋಟೊ ತೋರಿಸಿದರೆ ಸಭೆ ಒಮ್ಮೆ ಸ್ತಬ್ಧವಾಗುತ್ತದೆ. ಆದರೆ ಫೋಟೊ ಸಾಕಾಗುವುದಿಲ್ಲ. ಊರಿನಲ್ಲೇ ಇರುವ, ಊರಿನ ಮೇಲ್ಜಾತಿಯ, ಎಲ್ಲರೂ ಮಾತು ಕೇಳುವ ರೈತನೊಬ್ಬ ತನ್ನ ಗುಂಡಿಯ ಗೊಬ್ಬರವನ್ನು ತನ್ನ ಕೈಯಿಂದ ತೆಗೆದು ತನ್ನ ತೆಂಗಿನ ಬುಡಕ್ಕೆ ಹಾಕಿದ ಕಡೆ ಅಕ್ಕಪಕ್ಕದವರು ಕೇಳುವ ಪ್ರಶ್ನೆಗಳ ಧಾಟಿಯೇ ಬೇರೆ: ‘ಹುಳ ಇತ್ತಾ?’ ‘ವಾಸ್ನೆ?’ ‘ಕಾಯಿ ಹೆಂಗೆ ಬಂತು?’ ಅಂಥವರನ್ನು ಹುಡುಕುವುದು ಬ್ಯಾನರ್ ಬರೆಸುವುದಕ್ಕಿಂತ ನೂರು ಪಾಲು ಕಷ್ಟ. ನನ್ನ ಅಭಿಪ್ರಾಯದಲ್ಲಿ ಐಇಸಿ ಅನುದಾನದ ದೊಡ್ಡ ಭಾಗ ಅಲ್ಲಿಗೇ ಹೋಗಬೇಕು.

5. ತರಗತಿಯಲ್ಲಿ ಜಾತಿ ಕೂಗಬೇಡಿ

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದಲ್ಲಿ 6 ಮತ್ತು 7ನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಜಾತಿಯ ಸುದ್ದಿ ಎತ್ತದೇ ಇದ್ದಾಗ ಕೆಳಜಾತಿಯ ಹುಡುಗರು ಮೇಲ್ಜಾತಿಯವರಿಗೆ ಸಮಸಮನಾಗಿ ಬಿಡಿಸಿದರು. ಎಲ್ಲರೆದುರು ಹೆಸರಿನ ಜೊತೆ ಜಾತಿ ಹೇಳಿ ಶುರುಮಾಡಿದಾಗ ಅವರು ಹಿಂದೆ ಬಿದ್ದರು. ಅವೇ ಒಗಟುಗಳು, ಅಂಥವೇ ಮಕ್ಕಳು. ನಡುವೆ ಬಂದದ್ದು ಜಾತಿಯನ್ನು ಕೂಗಿ ಹೇಳಿದ ಒಂದು ಗಳಿಗೆ.

ವಿದ್ಯಾರ್ಥಿವೇತನದ ಕಾಗದ ಸಂಗ್ರಹಿಸಲು ಈಗಲೂ ‘ಎಸ್‌ಸಿ-ಎಸ್‌ಟಿ ಮಕ್ಕಳು ಎದ್ದು ನಿಲ್ಲಿ’ ಎನ್ನುವ ತರಗತಿಗಳಿವೆ. ಆ ಮೇಷ್ಟ್ರಿಗೆ ಕೇಡಿನ ಉದ್ದೇಶ ಇರಬೇಕಿಲ್ಲ, ಮಕ್ಕಳಿಗೆ ದುಡ್ಡು ಬರಲಿ ಎಂದೇ ಕೇಳುತ್ತಾರೆ. ಪಟ್ಟಿ ಕಚೇರಿಯಲ್ಲಿ ಇದೆ. ಪೋಷಕರನ್ನು ಒಬ್ಬೊಬ್ಬರನ್ನಾಗಿ ಕರೆಸಿ ಕಾಗದ ಪಡೆಯಬಹುದು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ನಾಳೆಯಿಂದಲೇ ಮಾಡಬಹುದು.

6. ಕೆಟ್ಟದ್ದನ್ನು ‘ಎಲ್ಲೆಲ್ಲೂ ಇದೆ’ ಎಂದು ಸಾರಬೇಡಿ

ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳ ರಾಷ್ಟ್ರೀಯ ಉದ್ಯಾನವಿದೆ. ಪ್ರವಾಸಿಗರು ಚೂರುಗಳನ್ನು ಕದಿಯುತ್ತಿದ್ದರು. ರಾಬರ್ಟ್ ಚಾಲ್ದಿನಿ ಅಲ್ಲಿ ಬೇರೆ ಬೇರೆ ಫಲಕ ಇಟ್ಟು ನೋಡಿದರು. ‘ಈ ಹಿಂದೆ ಬಂದವರಲ್ಲಿ ಬಹಳ ಮಂದಿ ಒಯ್ದಿದ್ದಾರೆ’ ಎಂಬ ಫಲಕ ಇದ್ದಲ್ಲಿ ಕಳ್ಳತನ ಹೆಚ್ಚಿತು. ಎಲ್ಲರೂ ಮಾಡುತ್ತಾರೆ ಎಂಬ ಸುದ್ದಿ, ಬೇಡವೆನ್ನುವ ಮಾತಿಗಿಂತ ಜೋರಾಗಿ ಕೇಳಿಸಿತು. ಬ್ರಿಟನ್ನಿನ ತೆರಿಗೆ ಇಲಾಖೆ ಇದನ್ನೇ ತಿರುಗಿಸಿ, ‘ಹತ್ತರಲ್ಲಿ ಒಂಬತ್ತು ಜನ ಸಮಯಕ್ಕೆ ತೆರಿಗೆ ಕಟ್ಟುತ್ತಾರೆ, ನೀವಿನ್ನೂ ಕಟ್ಟಿಲ್ಲ’ ಎಂಬ ಅರ್ಥದ ಪತ್ರ ಕಳಿಸಿದಾಗ ಬಾಕಿ ಬೇಗ ಬಂತು.

ಬಾಲ್ಯವಿವಾಹದ ವಿರುದ್ಧದ ನಮ್ಮ ಸಭೆಗಳಲ್ಲಿ ‘ಜಿಲ್ಲೆಯಲ್ಲಿ ಇನ್ನೂ ಇಷ್ಟೊಂದು ನಡೆಯುತ್ತಿವೆ’ ಎಂದೇ ಭಾಷಣ ಶುರುವಾಗುತ್ತದೆ. ಮಗಳಿಗೆ ಹದಿನಾರಕ್ಕೆ ಗಂಡು ನೋಡುತ್ತಿರುವ ಅಪ್ಪನಿಗೆ ಅದು ಧೈರ್ಯ ತುಂಬುವ ಮಾತು. ಅದರ ಬದಲು ಆ ಊರಿನಲ್ಲೇ ಪಿಯುಸಿ ಮುಗಿಸಿದ ಹುಡುಗಿಯರ ಹೆಸರು ಓದಿ, ಅವರ ಅಪ್ಪಂದಿರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.

ಬೆಂಗಳೂರಿನಲ್ಲಿ ‘ದಿ ಅಗ್ಲಿ ಇಂಡಿಯನ್’ ಗುಂಪು 2010ರಿಂದ ಕಸದ ತಾಣಗಳನ್ನು ಶುಚಿ ಮಾಡಿ, ಗೋಡೆಗೆ ಬಣ್ಣ ಬಳಿದು, ಗಿಡದ ಕುಂಡ, ಬೆಂಚು ಇಟ್ಟಿತು. ಕಸ ಬಿದ್ದಿರುವ ಜಾಗವೇ ‘ಇಲ್ಲಿ ಹಾಕಬಹುದು’ ಎಂದು ಹೇಳುತ್ತದೆ ಎಂಬುದನ್ನು ಅರಿತು ಮಾಡಿದ ಕೆಲಸ ಅದು. ಯಾರೂ ಮೂತ್ರ ಮಾಡದಿರಲೆಂದು ಗೋಡೆಗೆ ದೇವರ ಟೈಲ್ಸ್ ಅಂಟಿಸುವುದಕ್ಕಿಂತ ಇದು ಎಷ್ಟೋ ಮೇಲು. ದೇವರ ಚಿತ್ರ ಕಂಡವರು ಮುಂದಿನ ಗೋಡೆಗೆ ಹೋಗುತ್ತಾರೆ, ಸಾರ್ವಜನಿಕ ಮೂತ್ರಾಲಯ ಇನ್ನೂ ಬಂದಿರುವುದಿಲ್ಲ.

7. ಮೇಜಿನ ಆಚೆ ಕೂತವರಿಗೂ ಮನಸ್ಸಿದೆ

ದಂಡ ಹಾಕಿದರೆ ತಪ್ಪು ನಿಲ್ಲುತ್ತದೆ ಎಂಬುದು ಆಡಳಿತದ ಹಳೆಯ ನಂಬಿಕೆ. ಇಸ್ರೇಲಿನ ಹೈಫಾ ನಗರದ ಶಿಶುಪಾಲನಾ ಕೇಂದ್ರಗಳಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಸಣ್ಣ ದಂಡ ಹಾಕಿ ನೋಡಿದರು. 2000ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಡವಾಗಿ ಬರುವವರು ಸುಮಾರು ಎರಡು ಪಟ್ಟಾದರು. ದಂಡ ತೆಗೆದ ಮೇಲೂ ಇಳಿಯಲಿಲ್ಲ. ಟೀಚರಿಗೆ ತೊಂದರೆ ಕೊಡಬಾರದು ಎಂಬ ದಾಕ್ಷಿಣ್ಯ ಹೋಗಿ, ಕಾಸು ಕೊಟ್ಟರಾಯಿತು ಎಂಬ ವ್ಯವಹಾರ ಬಂದಿತ್ತು.

ನಮ್ಮದೇ ರಾಜ್ಯದ ಉದಾಹರಣೆ ಇದಕ್ಕಿಂತ ಹೆಚ್ಚು ಕಲಿಸುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳಚ್ಚಿನ ಹಾಜರಾತಿ ಯಂತ್ರ ಇಟ್ಟು, ಗೈರಾದರೆ ರಜೆ ಕಡಿತ, ಸರಿಯಾಗಿ ಬಂದರೆ ಪ್ರೋತ್ಸಾಹ ಎಂಬ ಯೋಜನೆಯನ್ನು ಕರ್ನಾಟಕ ಸರ್ಕಾರ ರೂಪಿಸಿತು. ಇಕ್ಬಾಲ್ ಧಲಿವಾಲ್ ಮತ್ತು ರೀಮಾ ಹನ್ನಾ 322 ಕೇಂದ್ರಗಳಲ್ಲಿ ಅದರ ಪರಿಣಾಮ ಅಳೆದರು. ನರ್ಸ್, ಲ್ಯಾಬ್ ತಂತ್ರಜ್ಞರು, ಫಾರ್ಮಸಿಸ್ಟ್‌ಗಳ ಹಾಜರಾತಿ ಏರಿತು, ಕಡಿಮೆ ತೂಕದ ಮಕ್ಕಳ ಜನನ ಇಳಿಯಿತು. ವೈದ್ಯರ ಹಾಜರಾತಿ ಹೆಚ್ಚೇನೂ ಬದಲಾಗಲಿಲ್ಲ. ಹಳ್ಳಿಗೆ ವೈದ್ಯರು ಸಿಗುವುದೇ ಕಷ್ಟವಿರುವಾಗ ಅವರ ರಜೆ ಕಡಿಯಲು ಮೇಲಿನವರು ಹಿಂಜರಿದರು. ಸಿಬ್ಬಂದಿಯಲ್ಲಿ ಅಸಮಾಧಾನವೂ ಬೆಳೆಯಿತು. ಯಂತ್ರ ಎಲ್ಲರ ಬೆರಳನ್ನೂ ಒಂದೇ ರೀತಿ ಓದಿತು, ಶಿಕ್ಷೆ ಕೊಡುವ ಕೈ ಮಾತ್ರ ಎಲ್ಲರಿಗೂ ಒಂದೇ ರೀತಿ ಏಳಲಿಲ್ಲ.

ಒಂದು ಕೇಂದ್ರದ ಎಎನ್‌ಎಂ ಸಿಸ್ಟರ್ ದಿನಕ್ಕೆ ಎಷ್ಟು ರಿಜಿಸ್ಟರ್, ಎಷ್ಟು ಆ್ಯಪ್ ತುಂಬುತ್ತಾರೆ ಎಂದು ಕೂತು ನೋಡಿ. ತಾಯಿ ಕಾರ್ಡಿನಲ್ಲಿ ಬರೆದದ್ದನ್ನೇ ರಿಜಿಸ್ಟರಿಗೆ, ರಿಜಿಸ್ಟರಿನದನ್ನೇ ಪೋರ್ಟಲ್ಲಿಗೆ ಹಾಕುತ್ತಾರೆ. ಅದೇ ಕೈ ಎದುರಿನ ಗರ್ಭಿಣಿಯ ರಕ್ತದೊತ್ತಡ ನೋಡಬೇಕು. ಬಡ ರೈತನ ಗಮನದ ಬಗ್ಗೆ ಮಾಡುವ ಚಿಂತೆಯನ್ನು ಆ ಸಿಸ್ಟರ್ ಗಮನದ ಬಗ್ಗೆಯೂ ಮಾಡಬೇಕು. ಒಂದು ರಿಜಿಸ್ಟರ್ ಕಡಿಮೆ ಮಾಡಿಸಿಕೊಡುವುದು ನಾನು ಬಲ್ಲ ಅತ್ಯುತ್ತಮ ಮನಶ್ಶಾಸ್ತ್ರೀಯ ಕ್ರಮಗಳಲ್ಲಿ ಒಂದು.

8. ಹಳದಿ ಬಣ್ಣದ ಜೊತೆ ಸೇತುವೆಯೂ ಬೇಕು

ಮುಂಬೈನ ವಡಾಲಾ ನಿಲ್ದಾಣದ ಬಳಿ ಹಳಿ ದಾಟುವಾಗ ಜನ ಸಾಯುತ್ತಿದ್ದರು. 2010ರಲ್ಲಿ ‘ಫೈನಲ್ ಮೈಲ್’ ಸಂಸ್ಥೆ ಅಲ್ಲಿ ಕೆಲಸ ಮಾಡಿತು. ದೊಡ್ಡ ವಸ್ತು ಬರುತ್ತಿರುವ ವೇಗವನ್ನು ನಮ್ಮ ಕಣ್ಣು ಕಡಿಮೆ ಅಂದಾಜಿಸುತ್ತದೆ, ಅದಕ್ಕೇ ರೈಲು ಇನ್ನೂ ದೂರವಿದೆ ಅನಿಸುತ್ತದೆ. ಕೆಲವು ಸ್ಲೀಪರ್‌ಗಳಿಗೆ ಹಳದಿ ಬಳಿದರು, ರೈಲು ಅವನ್ನು ನುಂಗುತ್ತ ಬರುವಾಗ ವೇಗ ಕಣ್ಣಿಗೆ ತಟ್ಟಲಿ ಎಂದು. ರೈಲಿಗೆ ಸಿಗುವ ಕ್ಷಣದ ಭಯ ತುಂಬಿದ ಮುಖದ ಫೋಟೊ ಹಾಕಿದರು. ಉದ್ದನೆಯ ಹಾರ್ನ್ ಬದಲು ಚಿಕ್ಕ ಚಿಕ್ಕ ಹಾರ್ನ್. ಸಾವುಗಳು ಇಳಿದವೆಂದು ವರದಿಯಾಯಿತು. ಅಗ್ಗದ, ಬುದ್ಧಿವಂತ, ಮಾನವೀಯ ಕೆಲಸ. ಆದರೆ ಜನ ಹಳಿ ದಾಟುವುದು ಸೇತುವೆ ದೂರವಿರುವ ಕಾರಣಕ್ಕೆ. ಬಣ್ಣ ಸೇತುವೆಯ ಜಾಗ ತುಂಬುವುದಿಲ್ಲ.

ಬೆಂಗಳೂರಿನ ಇನ್ಫೊಸಿಸ್‌ನಲ್ಲಿ 2008-09ರಲ್ಲಿ ಸ್ಟ್ಯಾನ್‌ಫರ್ಡಿನ ಬಾಲಾಜಿ ಪ್ರಭಾಕರ್ ಮತ್ತು ಸಂಗಡಿಗರು, ಬೆಳಗ್ಗೆ ಬೇಗ ಬರುವ ನೌಕರರಿಗೆ ಲಾಟರಿ ರೀತಿಯ ಬಹುಮಾನ ಇಟ್ಟರು. ಬೇಗ ಬರುವವರು ಸುಮಾರು ಎರಡು ಪಟ್ಟಾದರು. ಅದು ಕಂಪನಿಯ ಬಸ್ಸುಗಳಿದ್ದ, ಹೊತ್ತು ಹಿಂದೆ ಮುಂದೆ ಮಾಡಿಕೊಳ್ಳಬಲ್ಲ ನೌಕರರ ನಡುವೆ ಆದ ಫಲ. ಪೀಣ್ಯದ ಗಾರ್ಮೆಂಟ್ಸ್ ಹೆಂಗಸಿಗೆ ಪಾಳಿಯ ಗಂಟೆ ಕಾರ್ಖಾನೆ ಹೇಳಿದ್ದೇ. ಅವಳಿಗೆ ಬೇಕಿರುವುದು ಇನ್ನೊಂದು ಬಸ್.

9. ಚೆಂದದ ಫಲಿತಾಂಶವನ್ನು ನಿಮ್ಮ ಊರಲ್ಲಿ ಅಳೆಯಿರಿ

ಅರ್ಜಿಯ ಕೊನೆಯಲ್ಲಿ ಹಾಕುವ ಸಹಿಯನ್ನು ಮೇಲ್ಭಾಗಕ್ಕೆ ತಂದರೆ ಜನ ಹೆಚ್ಚು ಪ್ರಾಮಾಣಿಕವಾಗಿ ತುಂಬುತ್ತಾರೆ ಎಂಬ ಅಧ್ಯಯನ 2012ರಲ್ಲಿ ಬಂದು ಲೋಕದಾದ್ಯಂತ ಸುತ್ತಿತು. 2020ರಲ್ಲಿ ಅದೇ ಲೇಖಕರು ಮತ್ತೆ ಮಾಡಿದಾಗ ಫಲಿತಾಂಶ ಸಿಗಲಿಲ್ಲ. 2021ರಲ್ಲಿ, ಅದರ ಒಂದು ಭಾಗದ ದತ್ತಾಂಶವೇ ಕಟ್ಟುಕತೆ ಎಂದು ಬಯಲಾಗಿ ಪ್ರಬಂಧವನ್ನು ಹಿಂದೆಗೆದುಕೊಳ್ಳಲಾಯಿತು. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಎಲಿಜಬೆತ್ ಲಿನೋಸ್ 2022ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು. ವಿದ್ವತ್ ಪತ್ರಿಕೆಗಳಲ್ಲಿ ಬಂದ ನಡ್ಜ್‌ಗಳ ಸರಾಸರಿ ಪರಿಣಾಮ 8.7 ಶೇಕಡಾ ಅಂಶ. ಅಮೆರಿಕದ ಎರಡು ದೊಡ್ಡ ನಡ್ಜ್ ತಂಡಗಳು ಸರ್ಕಾರದೊಳಗೆ ನಿಜವಾಗಿ ಮಾಡಿದ ಎಲ್ಲ ಪ್ರಯೋಗಗಳ ಸರಾಸರಿ 1.4. ಚೆನ್ನಾಗಿ ಬಂದದ್ದು ಮಾತ್ರ ಅಚ್ಚಾಗುವುದು ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ.

1.4 ಎಂದರೆ ನಿರಾಶೆ ಬೇಡ. ಪತ್ರದ ಒಂದು ಸಾಲು ಬದಲಿಸಿದ್ದಕ್ಕೆ ಅಷ್ಟು ಸಿಕ್ಕರೆ ಒಳ್ಳೆಯದೇ. ಆದರೆ ಅದನ್ನೇ ನಂಬಿ ಸಿಬ್ಬಂದಿ, ಔಷಧಿ, ರಸ್ತೆಯ ಬಜೆಟ್ಟಿಗೆ ಕೈಹಾಕಬಾರದು. ಅಳೆಯಲು ದೊಡ್ಡ ಸಂಸ್ಥೆ ಬೇಕಿಲ್ಲ. ತಾಲ್ಲೂಕಿನ ಪಂಚಾಯಿತಿಗಳ ಹೆಸರು ಚೀಟಿಯಲ್ಲಿ ಬರೆದು, ಸಭೆಯಲ್ಲೇ ಎತ್ತಿ, ಅರ್ಧಕ್ಕೆ ಹೊಸ ಪತ್ರ, ಅರ್ಧಕ್ಕೆ ಹಳೆಯದು ಕಳಿಸಿ. ಮೂರು ತಿಂಗಳ ಮೇಲೆ ರಿಜಿಸ್ಟರ್ ನೋಡಿ. ಅಧ್ಯಕ್ಷರ ಊರನ್ನು ಮೊದಲೇ ಆರಿಸಿಕೊಳ್ಳದೆ ಚೀಟಿ ಎತ್ತುವುದೇ ಇದರಲ್ಲಿ ಕಷ್ಟದ ಭಾಗ.

10. ಸುಮ್ಮನಿದ್ದವರ ಪರವಾಗಿ ತೀರ್ಮಾನಿಸುವಾಗ ಅವರಿಗೆ ತಿಳಿಸಿ

ನಡವಳಿಕೆ ವಿಜ್ಞಾನದ ಅತಿ ಬಲಶಾಲಿ ಸಾಧನ ‘ತಾನಾಗಿಯೇ ಸೇರ್ಪಡೆ’. ಬೇಡವೆಂದು ಹೇಳದಿದ್ದರೆ ನೀವು ಒಳಗಿದ್ದೀರಿ ಎಂಬ ಏರ್ಪಾಡು. ಬ್ರಿಟನ್ 2012ರಿಂದ ನೌಕರರ ಪಿಂಚಣಿಯಲ್ಲಿ ಇದನ್ನು ಜಾರಿಗೊಳಿಸಿದ ಮೇಲೆ ಉಳಿತಾಯ ಮಾಡುವವರು ಬಹಳ ಹೆಚ್ಚಿದರು. ಅಲ್ಲಿ ಪ್ರತಿಯೊಬ್ಬರಿಗೂ ಪತ್ರ ಹೋಗುತ್ತದೆ, ಹೊರಬರುವ ದಾರಿ ಗೊತ್ತಿರುತ್ತದೆ.

ನಮ್ಮ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ವಿಮೆಗೆ 20 ರೂಪಾಯಿ. ಒಮ್ಮೆ ಸೇರಿದರೆ ಪ್ರತಿ ವರ್ಷ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಬಡ ಕುಟುಂಬಕ್ಕೆ 2 ಲಕ್ಷದ ರಕ್ಷಣೆ, ಮರೆವಿನಿಂದ ತಪ್ಪದಂತೆ ಏರ್ಪಾಡು: ನಾನು ಇದರ ಪರವಾಗಿದ್ದೇನೆ. ಆದರೆ ಸ್ವಸಹಾಯ ಸಂಘದ ಸಭೆಗಳಲ್ಲಿ ಪಾಸ್‌ಬುಕ್ ತೆರೆಸಿ ನೋಡಿ. ಮೇ ಕೊನೆಯ ಆಸುಪಾಸಿನಲ್ಲಿ ಒಂದು ಇಂಗ್ಲಿಷ್ ಸಂಕ್ಷೇಪಾಕ್ಷರ, ಪಕ್ಕದಲ್ಲಿ ಕಡಿತದ ಮೊತ್ತ. ‘ಇದೇನು ಗೊತ್ತಾ?’ ಎಂದರೆ ‘ಬ್ಯಾಂಕಿನೋರು ಏನೋ ಹಿಡ್ಕೊಂಡಿದಾರೆ’ ಎನ್ನುತ್ತಾರೆ. ಖಾತೆದಾರಳಿಗೇ ಗೊತ್ತಿಲ್ಲದ ವಿಮೆಯ ಬಗ್ಗೆ ಅವಳು ಸತ್ತ ಮೇಲೆ ಗಂಡ, ಮಕ್ಕಳು ಕ್ಲೇಮ್ ಹಾಕುವುದು ಹೇಗೆ? ಕಂತು ಕಟ್ಟಿಸಿಕೊಳ್ಳುವುದು ತಾನಾಗಿಯೇ ಆಗುತ್ತದೆ, ಪರಿಹಾರಕ್ಕೆ ಮಾತ್ರ ಅರ್ಜಿ ಹಾಕಬೇಕು. ಎರಡರಲ್ಲಿ ಯಾವುದನ್ನು ಸಲೀಸು ಮಾಡಿದ್ದೇವೆ ಎಂಬುದರಲ್ಲಿ ನಮ್ಮ ಆದ್ಯತೆ ಕಾಣುತ್ತದೆ.

ಆದ್ದರಿಂದ ಬ್ಯಾಂಕ್ ಮಿತ್ರರಿಗೆ, ಸಂಘದ ಪುಸ್ತಕ ಬರೆಯುವವರಿಗೆ ತರಬೇತಿಯಲ್ಲಿ ಒಂದು ಕೆಲಸ ಹೇಳುತ್ತೇನೆ. ಪಾಸ್‌ಬುಕ್ಕಿನ ಹಿಂಬದಿಯ ರಟ್ಟಿನ ಮೇಲೆ ಕನ್ನಡದಲ್ಲಿ ಮೂರು ಸಾಲು ಬರೆದುಕೊಡಿ: ಯಾವ ವಿಮೆ ಇದೆ, ನಾಮಿನಿ ಯಾರು, ಏನಾದರೂ ಆದರೆ ಯಾವ ಶಾಖೆಗೆ ಹೋಗಬೇಕು. ಬರೆದದ್ದನ್ನು ಆ ನಾಮಿನಿಯ ಎದುರಿಗೇ ಒಮ್ಮೆ ಓದಿ ಹೇಳಿ. ಬೇಡವೆಂದರೆ ನಿಲ್ಲಿಸುವುದು ಹೇಗೆಂಬುದನ್ನೂ ಆಗಲೇ ತಿಳಿಸಿ.